ಮಿಸ್ ಬರೆದುಕೊಳ್ಳುತ್ತಿದ್ದ ಹುಬ್ಬು

ಮಿಸ್ಸಿನ ಎರಡು ಹುಬ್ಬೂ ಪೆನ್ಸಿಲಿನಲ್ಲಿ ಬರೆದಂಥವು. ಎಡಗಡೆಯದು ಯಾವಾಗಲೂ ಒಂದೆಳೆ ಮೇಲೆ. ಹಾಗಾಗಿ ಅವರು ಸದಾ ನಮ್ಮ ಇಂಗ್ಲಿಷ್ ಕೇಳಿ ಬೆಚ್ಚಿದವರಂತೆ ಕಾಣುತ್ತಿದ್ದರು.

ಸುದ್ದಗುಂಟೆಪಾಳ್ಯದ ತಮ್ಮ ಮನೆಯ ಮಹಡಿಯಲ್ಲಿ ಸಂಜೆ ನಮ್ಮಂಥ ದುಡಿಯುವ ಹೆಂಗಸರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ನಾನು ಬಿಟಿಎಂನ ಪಾರ್ಲರಿನಲ್ಲಿ ಹುಬ್ಬು ತಿದ್ದುವವಳು. ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಜಯನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್ ಆಗಬೇಕೆಂಬ ಆಸೆ. ತಪ್ಪು ಮಾತಾಡಿದರೂ ಮಿಸ್ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮಾತುಮಾತಿಗೂ ತಿದ್ದಿದರೆ ಮಾತೇ ನಿಂತುಹೋಗುತ್ತದೆ ಎನ್ನುತ್ತಿದ್ದರು.

ಹುಬ್ಬಿನ ವಿಷಯ ಕೇಳದೆ ಇರಲಾಗಲಿಲ್ಲ, ನನ್ನ ಕಸುಬೇ ಅದಲ್ಲವೇ. ಮಿಸ್ ನಕ್ಕರು.

"ಚೆನ್ನಾಗ್ ಬೆಳೀಲಿ ಅಂತ ಏನೇನೋ ಹಚ್ಚಿದೆ ಕಣಮ್ಮ, ಇದ್ದಿದ್ದೂ ಉದುರ್‌ಹೋಯ್ತು. ಇದಕ್ಕೇ ಕೌಂಟರ್‌ಪ್ರೊಡಕ್ಟಿವ್ ಅನ್ನೋದು."

ಅಂದರೆ ಯೂಸ್‌ಲೆಸ್ ಅಂತಲೇ ಎಂದು ಕೇಳಿದೆ.

"ಯೂಸ್‌ಲೆಸ್ ಅಂದ್ರೆ ಏನೂ ಆಗ್ಲಿಲ್ಲ ಅಂತ. ಇದು ಹಾಗಲ್ಲ. ಏನ್ ಆಗ್ಲಿ ಅಂತ ಒದ್ದಾಡ್ತೀವೋ, ಆ ಒದ್ದಾಟಾನೇ ಅದಕ್ಕೆ ಕಲ್ಲು ಹಾಕತ್ತೆ."

ಆ ವಾರವೆಲ್ಲ ನಮಗೆ ಅದೇ ಪದ. ನೀರು ಸುರಿದು ಸುರಿದು ತುಳಸಿಯನ್ನು ಕೊಳೆಸಿದ ನಮ್ಮತ್ತೆಗೂ ಹೇಳಿ ಬೈಸಿಕೊಂಡೆ.

ಕ್ಲಿನಿಕ್ಕಿನ ಇಂಟರ್‌ವ್ಯೂ ಹತ್ತಿರ ಬಂದಾಗ ಮಿಸ್ಸಿನ ಅಕ್ಕ ಫೋನ್ ಮಾಡಿ, ಮಿಸ್ ಊರಿಗೆ ಹೋಗಿದ್ದಾರೆ, ನೀನು ಧೈರ್ಯವಾಗಿ ಹೋಗಿಬರಬೇಕಂತೆ ಎಂದರು. ಹೋದೆ. ಕೆಲಸ ಸಿಕ್ಕಿತು. ಮೈಸೂರುಪಾಕಿನ ಡಬ್ಬಿ ಹಿಡಿದು ಮಹಡಿ ಹತ್ತಿದರೆ ಮಿಸ್ಸಿನ ಫೋಟೋಗೆ ಹಾರ ಹಾಕಿದ್ದರು, ಮುಂದೆ ದೀಪ.

ಯಾರದೋ ಮನೆಗೆ ಬಂದೆನೇನೋ ಎಂದುಕೊಂಡೆ, ಏಕೆಂದರೆ ಆ ಹಳೆಯ ಫೋಟೋದಲ್ಲಿ ಹುಬ್ಬು ದಟ್ಟವಾಗಿತ್ತು. ಕ್ಯಾನ್ಸರ್ ಅಂತೆ. ಹುಬ್ಬು ಉದುರಿದ್ದು ಅದರ ಔಷಧಿಗಂತೆ. ಇಂಟರ್‌ವ್ಯೂಗೆ ಮೊದಲೇ ಹೋಗಿಬಿಟ್ಟಿದ್ದರು. ಕ್ಲಾಸಿನವರೆಲ್ಲ ಮಣ್ಣಿಗೆ ಹೋಗಿಬಂದಿದ್ದರು, ನನ್ನೊಬ್ಬಳ ಹೊರತು.

"ಇಂಟರ್‌ವ್ಯೂ ಮುಗಿಯೋವರ್ಗೂ ನಿಂಗೆ ಹೇಳ್ಬಾರ್ದು ಅಂತ ಮಾತು ತಗೊಂಡಿದ್ಲಮ್ಮ" ಎಂದರು ಅಕ್ಕ. "ಗೊತ್ತಾದ್ರೆ ನಿನ್ ಬಾಯಲ್ಲಿ ಒಂದ್ ಮಾತೂ ಬರಲ್ಲ ಅಂದ್ಲು."

ಅವತ್ತು ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಕೊನೆಗೊಮ್ಮೆ ಮುಖ ನೋಡುವ ಹಕ್ಕನ್ನೂ ಕಿತ್ತುಕೊಂಡರಲ್ಲ. ಇದೇ ಕೌಂಟರ್‌ಪ್ರೊಡಕ್ಟಿವ್ ಮಿಸ್ ಎಂದು ಫೋಟೋಗೆ ಹೇಳಹೊರಟೆ. ಹೇಳಲಾಗಲಿಲ್ಲ. ಅವರು ಅಂದುಕೊಂಡದ್ದು ಆಗಿತ್ತಲ್ಲ, ಡಬ್ಬಿ ಕೈಯಲ್ಲೇ ಇತ್ತು.

ಈಗ ಕ್ಲಿನಿಕ್ಕಿನಲ್ಲಿ ದಿನವಿಡೀ ಕೂತು ಮಾತಾಡುತ್ತೇನೆ. ಅವರು ಮಾಡಿದ್ದಕ್ಕೆ ಏನನ್ನಬೇಕೆಂದು ಮಾತ್ರ ಇಂದಿಗೂ ತಿಳಿದಿಲ್ಲ. ಕೇಳೋಣವೆಂದರೆ ಮಿಸ್ ಇಲ್ಲ.