ನೀರು ಸುರಿಯದ ದೊಡ್ಡಮ್ಮ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮಾನಸಿಕ ವಿಭಾಗದ ಹಿಂದಿನ ಕಾರಿಡಾರಿನಲ್ಲಿ ಸಾಲಾಗಿ ನಾಲ್ಕು ನಲ್ಲಿ, ಎದುರಿಗೊಂದು ಸ್ಟೂಲು, ಸ್ಟೂಲಿನ ಮೇಲೆ ದೊಡ್ಡಮ್ಮ. ಪಕ್ಕದ ಬೆಂಚಿನಲ್ಲಿ ನಾಲ್ಕು ತಿಂಗಳ ಮಗುವಿನ ತಾಯಿ. ಈಗಷ್ಟೇ ವಾರ್ಡಿನ ಬಾಗಿಲ ಹಿಡಿಕೆ ಮುಟ್ಟಿ ಬಂದಿದ್ದಾಳೆ. ಬಲಗೈಯನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಾಳೆ, ಕಣ್ಣು ಮಾತ್ರ ನಲ್ಲಿಯ ಮೇಲೆ.

"ಒಂದೇ ಒಂದ್ಸಲ ತೊಳೀತೀನಿ ದೊಡ್ಡಮ್ಮಾ."

"ನೂರಕ್ಕೆ ಎಷ್ಟಿದೆ ಭಯ?"

"ತೊಂಬತ್ತು."

"ಸರಿ, ಕೂತಿರು. ನಾನೂ ಕೂತಿರ್ತೀನಿ. ನಂಗೇನು, ಸಂಬಳ ಬರುತ್ತೆ."

ತಾಯಿ ಅಳುತ್ತಲೇ ನಗುತ್ತಾಳೆ. ಗೋಡೆ ಗಡಿಯಾರದಲ್ಲಿ ಆರೂ ನಲವತ್ತಾಗುವ ಹೊತ್ತಿಗೆ ತೊಂಬತ್ತು ಐವತ್ತಕ್ಕೆ ಇಳಿಯುತ್ತದೆ.

ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ. ಬೇಡವೆಂದರೂ ಒಂದು ಯೋಚನೆ ಕೈ ತೊಳೆದುಕೊಂಡು ಬೆನ್ನು ಹತ್ತುತ್ತದೆ. ಅದನ್ನು ಅಡಗಿಸಲು ಮನುಷ್ಯ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಾನೆ. ತನ್ನ ಕೈಯ ಕೊಳೆಯಿಂದ ಮಗು ಸತ್ತೇಹೋಗುತ್ತದೆ ಎಂಬುದು ಈ ತಾಯಿಯ ಭಯ. ಎರಡು ತಿಂಗಳಿಂದ ಮಗುವನ್ನು ಎತ್ತಿಕೊಂಡಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಜೊತೆಗೆ ಅವಳನ್ನೇ ಕೂರಿಸಿಕೊಂಡು ಒಂದು ಪಟ್ಟಿ ಬರೆದಿದ್ದಾರೆ: ಮೊದಲು ಹಿಡಿಕೆ, ಆಮೇಲೆ ನೆಲ, ಆಮೇಲೆ ಮಗುವಿನ ಹೊದಿಕೆ, ಕೊನೆಗೆ ಮಗು. ಮುಟ್ಟಬೇಕು, ತೊಳೆಯಬಾರದು. ಇವತ್ತು ಕೊನೆಯ ಸಾಲಿನ ದಿನ. ದೊಡ್ಡಮ್ಮನ ನಿವೃತ್ತಿಗೆ ಇನ್ನು ಒಂಬತ್ತೇ ದಿನ. ಅಷ್ಟರೊಳಗೆ ಈ ಮಗು ತಾಯಿಯ ಮಡಿಲು ಸೇರುವುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಆಕೆಯ ಆಸೆ.

ವಾರ್ಡಿನವರೆಲ್ಲ ದೊಡ್ಡಮ್ಮ ಎಂದು ಕರೆದರೂ ಕಾಗದದಲ್ಲಿ ಆಕೆ ಬರೀ ಆಯಾ. ಇಪ್ಪತ್ತಾರು ವರ್ಷದ ಕೆಲಸ, ಎಂಟು ಹಾಸಿಗೆಯ ವಾರ್ಡು, ದಿನಕ್ಕೆ ಮೂರು ಸಲ ಈ ಕಾವಲು. ಒಮ್ಮೊಮ್ಮೆ ಒಂದೂವರೆ ಗಂಟೆಯೂ ಹಿಡಿಯುತ್ತದೆ, ಅಷ್ಟರಲ್ಲಿ ಚಹಾ ಆರಿ ತಣ್ಣಗಾಗಿರುತ್ತದೆ. ಬಿಡುವಿದ್ದಾಗ ಚರ್ಮದ ಡಾಕ್ಟರ ಸಾಲಿನ ಬಳಿ ಸುಳಿದಾಡುತ್ತಾರೆ. ಕೈ ಸುಲಿದು ಕೆಂಪಾದವರನ್ನು ಕಂಡರೆ ಪಕ್ಕ ಕೂತು, "ವಾರಕ್ಕೆ ಎಷ್ಟು ಸೋಪು ಮುಗಿಯುತ್ತಮ್ಮಾ?" ಎಂದು ಮೆಲ್ಲಗೆ ಕೇಳುತ್ತಾರೆ. ಕಳೆದ ವರ್ಷ ಹಾಗೆ ಹನ್ನೊಂದು ಜನರನ್ನು ಈ ಕಡೆಗೆ ಕರೆತಂದಿದ್ದಾರೆ.

ಈ ಕಣ್ಣು ಬಂದದ್ದು ಮನೆಯಿಂದಲೇ. ತಾಯಿ ಬೇಗ ತೀರಿಹೋದ ಮನೆ. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ತಾಯಿ. ತಂಗಿಯನ್ನು, ಅಂದರೆ ಈ ದೊಡ್ಡಮ್ಮನನ್ನು, ಕಿಟಕಿಯ ಬೆಳಕಿಗೆ ಕೂರಿಸಿ ತಲೆ ಬಾಚುತ್ತಿದ್ದಳು. ಬೈತಲೆ ಕೂದಲೆಳೆಯಷ್ಟು ಸೊಟ್ಟಗಾದರೂ ಕೆದರಿ ಮತ್ತೆ ಮೊದಲಿಂದ. ಅತ್ತ ಶಾಲೆಯ ಗಂಟೆ ಹೊಡೆಯುತ್ತಿರುತ್ತಿತ್ತು, ಇತ್ತ ಬಾಚಣಿಗೆ ಇಳಿಯುತ್ತಲೇ ಇರುತ್ತಿತ್ತು. ಎಂಥಾ ಚಂದದ ದಿನಗಳು! ಅಕ್ಕನ ಬೆರಳ ಸೋಪಿನ ವಾಸನೆ ನೆನೆದು ದೊಡ್ಡಮ್ಮ ಈಗಲೂ ಮೂಗು ಅರಳಿಸುತ್ತಾರೆ. "ಆಗ ಅದು ಪ್ರೀತಿ ಅಂದ್ಕೊಂಡಿದ್ದೆ. ಪ್ರೀತೀನೂ ಇತ್ತು ಬಿಡಿ. ಜೊತೆಗೆ ಇದೂ ಇತ್ತು."

ಸಂಜೆ ಅಕ್ಕ ಹಿತ್ತಲಲ್ಲಿ ಕೈ ಚಾಚಿದರೆ ಚೊಂಬಿನಿಂದ ನೀರು ಸುರಿಯುವುದು ತಂಗಿಯ ಕೆಲಸ. ಮೂವತ್ತರವರೆಗೆ ಎಣಿಕೆ, ತಪ್ಪಿದರೆ ಮತ್ತೆ ಒಂದರಿಂದ. ತಂಗಿಗೆ ಅದು ಆಟ. ಬಂದವರೆಲ್ಲ "ಎಷ್ಟು ಅಚ್ಚುಕಟ್ಟು ಹುಡುಗಿ" ಎಂದು ಹೊಗಳಿ ಹೋಗುತ್ತಿದ್ದರೇ ಹೊರತು, ಆ ಕೈಗಳು ಒಡೆದು ರಕ್ತ ಜಿನುಗುತ್ತಿದ್ದುದನ್ನು ಯಾರೂ ಕೇಳಲಿಲ್ಲ.

ತಂಗಿಗೆ ಮದುವೆಯಾಯಿತು, ಅದೇ ಮನೆಯಲ್ಲಿ ಮಗ ಹುಟ್ಟಿದ. ತಂಗಿಯನ್ನು ಎತ್ತಿ ಆಡಿಸಿದ ಅಕ್ಕ ಅವಳ ಮಗನನ್ನು ಬೆರಳಲ್ಲೂ ಮುಟ್ಟಲಿಲ್ಲ. "ನನ್ನ ಮಗನ್ನ ಕಂಡ್ರೆ ಅವಳಿಗಾಗಲ್ಲ ಅಂದ್ಕೊಂಡು ಮೂರು ವರ್ಷ ಮಾತು ಬಿಟ್ಟೆ. ನೀರು ಹಾಕೋದು ಮಾತ್ರ ಬಿಡಲಿಲ್ಲ. ನನ್ನಂಥ ಪೆದ್ದಿ ಇದಾಳಾ ಹೇಳಿ!"

ಅಷ್ಟರಲ್ಲಿ ಈ ಆಸ್ಪತ್ರೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಒಂದು ದಿನ ಡಾಕ್ಟರು ವಿದ್ಯಾರ್ಥಿಗಳಿಗೆ ಇದೇ ಕಾಯಿಲೆಯ ಲಕ್ಷಣ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ದೊಡ್ಡಮ್ಮನ ಕೈಯ ಪೊರಕೆ ಜಾರಿತು. ಮನೆಗೆ ಓಡಿ ಹೇಳಿದರೆ, "ನಾನೇನು ಹುಚ್ಚೀನಾ?" ಎಂದು ಅಕ್ಕ ಕದ ಹಾಕಿಕೊಂಡಳು. ಆರು ತಿಂಗಳು ಗೋಗರೆದ ಮೇಲೆ ಬಂದಳು.

"ಮನೇಲಿ ನೀರು ಹಾಕೋರು ಯಾರು ಅಂತ ಡಾಕ್ಟ್ರು ಕೇಳಿದ್ರು. ನಾನೇ ಸಾರ್, ಒಂದು ದಿನಾನೂ ಬೇಜಾರು ಮಾಡ್ಕೊಂಡಿಲ್ಲ ಅಂದೆ, ದೊಡ್ಡ ಜಂಬದಿಂದ. ನಿಮ್ಮ ಅಕ್ಕನಿಗಲ್ಲಮ್ಮ, ನೀವು ಸೇವೆ ಮಾಡಿದ್ದು ಕಾಯಿಲೆಗೆ ಅಂದ್ರು. ಭೂಮಿ ಬಾಯ್ಬಿಡಬಾರದೇ ಅನ್ನಿಸ್ತು."

ಅಕ್ಕ ಚೇತರಿಸಿಕೊಳ್ಳಲು ವರ್ಷಕ್ಕೂ ಮೇಲೆ ಹಿಡಿಯಿತು. ಗೀಳು ಪೂರ್ತಿ ಹೋಗಿಲ್ಲ, ಈಗಲೂ ಆಗಾಗ ತಲೆ ಎತ್ತುತ್ತದೆ, ಅಕ್ಕ ಗದರಿಸಿ ಕೂರಿಸುತ್ತಾಳೆ. ಆದರೆ ಆ ಹೊತ್ತಿಗೆ ಮಗ ಎತ್ತಿಕೊಳ್ಳುವ ವಯಸ್ಸು ದಾಟಿದ್ದ. "ಕೈ ಹಿಡ್ಕೊಂಡು ಶಾಲೆಗೆ ಬಿಟ್ಟು ಬರ್ತಿದ್ಲು. ಎತ್ಕೊಳ್ಳೋಕೆ ಮಾತ್ರ ಆಗಲೇ ಇಲ್ಲ. ನಿಮ್ಮ ತಪ್ಪಲ್ಲ ಅಂತ ಡಾಕ್ಟ್ರು ನಂಗೆ ಹೇಳ್ತಾರೆ. ಹೇಳ್ತಾರೆ, ಅಷ್ಟೇ."

ಹತ್ತು ಗಂಟೆಗೆ ಅಜ್ಜಿ ಮಗುವನ್ನು ಎತ್ತಿಕೊಂಡು ಬರುತ್ತಾರೆ. ತಾಯಿ ಮತ್ತೊಮ್ಮೆ ಹಿಡಿಕೆ ಮುಟ್ಟಿ ಬಂದು ಚಾಪೆಯ ಮೇಲೆ ಕೂರುತ್ತಾಳೆ. ಡಾಕ್ಟರು ಬಾಗಿಲಲ್ಲಿ ನಿಂತು ತಲೆಯಾಡಿಸುತ್ತಾರೆ. ಮಗು ಮಡಿಲಿಗೆ ಬರುತ್ತದೆ.

"ದೊಡ್ಡಮ್ಮಾ, ಪಾಪುಗೆ ಏನೂ ಆಗಲ್ಲ ಅಂತ ಒಂದು ಮಾತು ಹೇಳಿ. ಒಂದೇ ಒಂದು ಮಾತು."

ಅಜ್ಜಿ ಬಾಯಿ ತೆರೆಯುತ್ತಾರೆ. ದೊಡ್ಡಮ್ಮ ಅಂಗೈ ಎತ್ತಿ ತಡೆಯುತ್ತಾರೆ. ಆಕೆಯ ನಾಲಿಗೆಯ ತುದಿಗೂ ಅದೇ ಮಾತು ಬಂದು ನಿಂತಿದೆ. ಹೇಳಿದರೆ ಅದೂ ಕಾಯಿಲೆಗೆ ಚೊಂಬಿನಿಂದ ನೀರು ಸುರಿದಂತೆಯೇ. ನುಂಗಿಕೊಳ್ಳುತ್ತಾರೆ.

"ಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೇನೇ ಎತ್ಕೋ."

ತಾಯಿ ಮಗುವನ್ನು ಎದೆಗೆತ್ತಿಕೊಳ್ಳುತ್ತಾಳೆ. ಮಗು ಅವಳ ಬಲಗೈಯ ಬೆರಳನ್ನು ಹಿಡಿದು, ಎಳೆದು, ಸೀದಾ ಬಾಯಿಗಿಟ್ಟುಕೊಳ್ಳುತ್ತದೆ. ತಾಯಿ ನಲ್ಲಿಯ ಕಡೆ ನೋಡುತ್ತಾಳೆ, ಮಗುವಿನ ಕಡೆ ನೋಡುತ್ತಾಳೆ. ಬೆರಳನ್ನು ಹಾಗೇ ಬಿಡುತ್ತಾಳೆ.

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಡಾಕ್ಟರ ಬಳಿ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಎಂದೂ ಕೇಳದ್ದನ್ನು ಕೇಳುತ್ತಾರೆ:

"ಸಾರ್, ಇವತ್ತು ಒಂದು ಗಂಟೆ ಮುಂಚೆ ಹೋಗ್ಲಾ? ಅಕ್ಕ ಒಬ್ಬಳೇ ಇರ್ತಾಳೆ. ಇದನ್ನ ಅವಳಿಗೆ ಹೇಳ್ಬೇಕು."