‘ಎಲ್ಲರೂ’ ಎಂಬ ಮಾತಿನ ಎರಡು ಬದಿ

ಕುಶಾಲನಗರದ ಕಾಲೇಜೊಂದರಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಅಮ್ಮತ್ತಿಯ ಅಧ್ಯಾಪಕರ ಕೂಟವೊಂದು ಮನೋವಿಶ್ಲೇಷಣೆಯ ಬಗ್ಗೆ ಮಾತಾಡಲು ಕರೆಯಿತು. ಗಂಡು ಹೆಣ್ಣಿನ ಭೇದವನ್ನು ಅದು ತರ್ಕದಿಂದ ವಿವರಿಸುವ ಬಗೆಯನ್ನೇ ಆರಿಸಿಕೊಂಡೆ. ಕೂಟದ ಅಧ್ಯಕ್ಷರು ಫೋನಿನಲ್ಲಿ ನಕ್ಕರು.

“ಇಂಗ್ಲಿಷಲ್ಲೇ ಅರ್ಥ ಆಗಲ್ಲ ಮೇಡಂ ಅದು. ಬೇರೆ ಏನಾದ್ರೂ ತಗೊಳ್ಳಿ.”

“ಇದನ್ನೇ ಹೇಳ್ತೀನಿ ಸರ್. ಕನ್ನಡದಲ್ಲೇ ಹೇಳ್ತೀನಿ.”

ಹೇಳಿದ ಮೇಲೆ ಒದ್ದಾಡಿದೆ. ಪಾರಿಭಾಷಿಕ ಪದಗಳನ್ನು ಜೋಡಿಸಿದಷ್ಟೂ ಮಾತು ಬಿಗಿದುಕೊಂಡಿತು. ಕೊನೆಗೆ ಅವನ್ನೆಲ್ಲ ಬದಿಗಿಟ್ಟು, ಕೂಟದ ದಿನ ನಮ್ಮ ಮನೆಯ ಕತೆಯಿಂದಲೇ ಮಾತು ಶುರುಮಾಡಿದೆ.

ಹಾಸನದ ಕಡೆಯಿಂದ ಬಂದು ಇಲ್ಲಿ ಶುಂಠಿ, ಜೋಳ ಬೆಳೆದ ಕೂಡು ಕುಟುಂಬ ನಮ್ಮದು. ಹೇಳದೆ ಯಾರೂ ಮನೆಯಿಂದ ಹೊರಡಬಾರದೆಂಬುದು ದೊಡ್ಡಪ್ಪನ ಕಟ್ಟಳೆ. ದೊಡ್ಡಪ್ಪ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಆ ಒಬ್ಬರು ಕಟ್ಟಳೆಯ ಹೊರಗೆ ನಿಂತದ್ದರಿಂದಲೇ ಮಿಕ್ಕವರು ಅದಕ್ಕೆ ಒಳಪಟ್ಟ ‘ಎಲ್ಲರೂ’ ಆದರು. ಗಂಡಿನ ಬದಿಯ ತರ್ಕ ಇದು, ಎಂದೆ. ಅಮ್ಮನಿಗೆ ಅಂಥ ವಿನಾಯಿತಿ ಇರಲಿಲ್ಲ. ಅವಳು ಒಂದು ಕಟ್ಟಳೆಯನ್ನೂ ಮುರಿದವಳಲ್ಲ. ಆದರೂ ಸಂಜೆ ಹಿತ್ತಲಲ್ಲಿ ಸುಮ್ಮನೆ ಕೂತಾಗ ಅವಳ ಮುಖದಲ್ಲೊಂದು ಸಂತೋಷ ಕಾಣುತ್ತಿತ್ತು. ಅದೇನೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ; ಯಾವ ಕಟ್ಟಳೆಯೂ ಅದನ್ನು ಮುಟ್ಟುತ್ತಿರಲಿಲ್ಲ. ಕಟ್ಟಳೆಯಿಂದ ಅವಳು ಹೊರಗಿರಲಿಲ್ಲ, ಪೂರ್ತಿಯಾಗಿ ಅದರೊಳಗೂ ಇರಲಿಲ್ಲ. ಹೆಣ್ಣಿನ ಬದಿ ಎಂದರೆ ಹೀಗೆ.

ಹಿಂದಿನ ಸಾಲಿನಿಂದ ಪ್ರೈಮರಿ ಶಾಲೆಯ ಟೀಚರೊಬ್ಬರು ಎದ್ದರು. “ಹಂಗಾದ್ರೆ ಹೆಂಗಸ್ರು ಪೂರ್ತಿ ಅಲ್ಲ, ನಮ್ಮಲ್ಲಿ ಏನೋ ಕಮ್ಮಿ ಅಂತ್ಲಾ ಮೇಡಂ? ಅದನ್ನ ದಿನಾ ಕೇಳ್ತಾನೇ ಇದೀವಲ್ಲ.”

ಸಭೆ ನಕ್ಕಿತು. ನನಗೆ ಚುರುಕ್ಕೆಂದಿತು; ಆಕೆ ಕೇಳಿದ್ದು ನ್ಯಾಯವಾಗಿತ್ತು. ನಗು ನಿಲ್ಲುವವರೆಗೂ ಕಾದೆ.

“ಕಮ್ಮಿ ಅನ್ಬೇಕಾದ್ರೆ, ಪೂರ್ತಿ ಇರೋರು ಒಬ್ರು ಬೇಕಲ್ವಾ? ಅಂಥೋರು ಯಾರೂ ಇಲ್ಲ. ದೊಡ್ಡಪ್ಪ ಹಂಗೆ ಕಾಣ್ತಿದ್ರು, ಅಷ್ಟೆ. ಮತ್ತೆ ಈ ಗಂಡಿನ ಬದಿ, ಹೆಣ್ಣಿನ ಬದಿ ಅನ್ನೋದು ಮೈಯಿಂದ ತೀರ್ಮಾನ ಆಗೋದಲ್ಲ. ಇವು ನಿಲ್ಲೋ ಜಾಗಗಳು. ಗಂಡಸರೂ ಹೆಣ್ಣಿನ ಬದಿಗೆ ನಿಲ್ಬೋದು.”

“ನಮ್ಮ ಮಾವ ಹಂಗೇ ಇದ್ರು,” ಎಂದರು ಆಕೆ. “ಆದ್ರೂ ಹೆಣ್ಣು ಅನ್ನೋ ಹೆಸರೇ ಯಾಕೆ ಬೇಕು ಅದಕ್ಕೆ?”

ಅದಕ್ಕೆ ಪೂರ್ತಿ ಉತ್ತರ ನನಗಿನ್ನೂ ಗೊತ್ತಿಲ್ಲವೆಂದೇ ಹೇಳಿದೆ. ಚರ್ಚೆ ಆಮೇಲೆ ಊಟದವರೆಗೂ ನಡೆಯಿತು, ಎಲ್ಲ ಕನ್ನಡದಲ್ಲೇ. ಹೊರಡುವಾಗ ಅಧ್ಯಕ್ಷರು, “ಬರೆದು ಕೊಡಿ ಮೇಡಂ, ಅಚ್ಚು ಹಾಕ್ಸೋಣ,” ಎಂದರು. ಈಗ ಬರೆಯುತ್ತಿದ್ದೇನೆ. ಆಕೆಯ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಇಟ್ಟಿದ್ದೇನೆ.