ಅವರ ಲೇಖನವನ್ನು ಹೆಸರಿಸಿದವರು

ಅವರ ಬಲಗೈಯ ಬೆರಳ ತುದಿಗಳು ಸದಾ ಹಳದಿ. ಆಸಿಡ್ ತಾಗಿ ಆದ ಕಲೆ ಅದು. ಅರಸಿನ ಅರೆದ ಕೈ ಎಂದೇ ನಾನು ಮೊದಲು ತಿಳಿದಿದ್ದೆ. ಒಂಟಿ ಗಂಡಸು, ಅಡುಗೆಯನ್ನೂ ತಾವೇ ಮಾಡಿಕೊಳ್ಳುತ್ತಾರೆ ಪಾಪ ಎಂದು ಮರುಕಪಟ್ಟಿದ್ದೆ.

ಮಕ್ಕಳೇ, ಎಪ್ಪತ್ತರ ದಶಕದ ಕೊನೆಯಲ್ಲಿ ಪರ್ಕಳದ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಮಾಸ್ಟ್ರು ಅವರು. ಮಣಿಪಾಲದಲ್ಲಿ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಗಂಡಸರೆದುರು ಬಾಯಿ ಬಿಡದ ನನ್ನನ್ನು ಅಕ್ಕ ಎಂದು ಕರೆದು, ಹಿತ್ತಲ ಬಾಗಿಲಲ್ಲಿ ಮಜ್ಜಿಗೆ ಕುಡಿಯುತ್ತ ತಮ್ಮ ವಿದ್ಯೆಯನ್ನು ವಿವರಿಸುತ್ತಿದ್ದರು. ಹೈಡ್ರೋಜನ್ ಕಣಕ್ಕೆ ಬುಗುರಿಯ ಹಾಗೆ ತಿರುಗುವ ಗುಣ ಉಂಟಂತೆ. ಸಾಧಾರಣವಾಗಿ ಅರ್ಧ ಈ ಕಡೆ, ಅರ್ಧ ಆ ಕಡೆ. ಬೇರೊಂದು ವಸ್ತುವಿನ ಜೊತೆ ಒಂದು ರೀತಿಯಲ್ಲಿ ಬೆರೆಸಿದರೆ ಹೆಚ್ಚಿನವು ಒಂದೇ ಕಡೆ ವಾಲುತ್ತವೆ ಎಂದು ಅವರು ಬರೆದ ಲೇಖನ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಅಚ್ಚಾದರೆ ಸಾಲದಂತೆ. ಬೇರೆ ವಿಜ್ಞಾನಿಗಳು ತಮ್ಮ ಲೇಖನದಲ್ಲಿ ಅದನ್ನು ಹೆಸರಿಸಬೇಕು, ಆಗಲೇ ಅದಕ್ಕೆ ಜೀವ. ಯಾರು ಯಾರನ್ನು ಹೆಸರಿಸಿದರು ಎಂದು ಸಣ್ಣ ಅಕ್ಷರದಲ್ಲಿ ತೋರಿಸುವ ದಪ್ಪ ಪುಸ್ತಕಗಳು ಬೆಂಗಳೂರಿನ ಗ್ರಂಥಾಲಯದಲ್ಲಿದ್ದವು. ಪ್ರತಿ ಬೇಸಿಗೆ ರಜೆಯಲ್ಲಿ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದರು. "ನಿಮ್ಮ ಬುಗುರಿಗೆ ಯಾರಾದರೂ ಹಗ್ಗ ಸುತ್ತಿದರಾ ಮಾರಾಯ್ರೆ?" ಎಂದು ನಿಮ್ಮ ಅಜ್ಜ ಕೆಣಕುವುದು, ಅವರು ನಗುತ್ತ ಇಲ್ಲವೆಂದು ತಲೆಯಾಡಿಸುವುದು. ಆ ನಗು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು.

ಒಂದು ವರ್ಷ ಉಡುಪಿಯಲ್ಲಿ ಬಸ್ಸಿಳಿದವರು ಹಲ್ವ ಕಟ್ಟಿಸಿಕೊಂಡೇ ಮನೆಗೆ ಬಂದರು. ಯಾರೋ ಹೆಸರಿಸಿದ್ದರು! ಕಾಲೇಜಿನಲ್ಲೂ ಹಂಚಿದರು. ಆದರೆ ಆ ದಪ್ಪ ಪುಸ್ತಕದಲ್ಲಿರುವುದು ಯಾರು ಹೆಸರಿಸಿದರು, ಎಲ್ಲಿ ಎಂಬುದಷ್ಟೇ. ಏನೆಂದು ಬರೆದರು ಎಂದು ಇರುವುದಿಲ್ಲ. ಆ ಲೇಖನದ ಪ್ರತಿ ಅಂಚೆಯಲ್ಲಿ ಬರುವಾಗ ಮಳೆಗಾಲ ಹಿಡಿದಿತ್ತು. ಇವರು ಕಂಡದ್ದು ನಿಜವಲ್ಲ, ಪ್ರಯೋಗದ ಕೊಳವೆಯಲ್ಲಿ ಗಾಳಿ ಉಳಿದು ಹಾಗೆ ತೋರಿರಬೇಕು ಎಂದು ಅದರಲ್ಲಿತ್ತು.

ಅಂದು ಅವರು ಮಜ್ಜಿಗೆ ಮುಟ್ಟಲಿಲ್ಲ. ಆಮೇಲೆ ರಜೆ ಸಿಕ್ಕಾಗಲೆಲ್ಲ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಗಾಳಿಯನ್ನು ಪೂರ್ತಿ ತೆಗೆದಾಗ, ಮೊದಲು ಕಂಡದ್ದು ಕಾಣಿಸಲಿಲ್ಲ. ತಪ್ಪು ತಮ್ಮದೇ ಎಂದು ಅದೇ ಪತ್ರಿಕೆಗೆ ಬರೆದು ಕಳಿಸಿದರು. ಯಾರೂ ನೋಡದ್ದನ್ನು ಯಾಕೆ ಕೆದಕುತ್ತೀರಿ, ಬಡ್ತಿಗೆ ಕುತ್ತು ಬಂದೀತು ಎಂದು ಜೊತೆಯವರು ಹೇಳಿ ನೋಡಿದರಂತೆ. ನನ್ನ ಹತ್ತಿರ ಅವರು ಅಂದದ್ದು ಇಷ್ಟೇ: "ಯಾವುದೋ ಊರಿನ ಹುಡುಗ ಅದನ್ನು ನಂಬಿ ವರ್ಷಗಟ್ಟಲೆ ದುಡಿದರೆ ಎಂತ ಮಾಡುವುದು ಅಕ್ಕ?"

ತಿದ್ದುಪಡಿ ಅಚ್ಚಾಯಿತು. ಮತ್ತೆ ಅವರು ಬೆಂಗಳೂರಿಗೆ ಹೋಗಲಿಲ್ಲ. ಹೆಚ್ಚು ಕಾಲ ಉಳಿಯಲೂ ಇಲ್ಲ. ಎದೆನೋವು ಬಂದು ತೀರಿಕೊಂಡರು.

ಕಾರ್ಕಳದ ಅವರ ಮನೆಯಲ್ಲಿ ಉತ್ತರಕ್ರಿಯೆಯ ಊಟ. ಹೊರದೇಶದವರು ಇವರ ಲೇಖನವನ್ನು ಹೆಸರಿಸಿದ್ದಾರೆ ಎಂದು ಕಾಲೇಜಿನವರೊಬ್ಬರು ಹೊಗಳಿ ಹೋದರು. ಮಾಸ್ಟ್ರ ತಾಯಿಯ ಮುಖ ಅರಳಿತು. ಒಳಗೆ ನನ್ನ ಕೈ ಹಿಡಿದು, ಹೌದಾ ಎಂದು ಕೇಳಿದರು. ಹೌದು ಎಂದಷ್ಟೇ ಹೇಳಿದ್ದರೂ ನಡೆಯುತ್ತಿತ್ತು. ಮಾಸ್ಟ್ರು ಅದನ್ನು ಒಪ್ಪುತ್ತಿರಲಿಲ್ಲ.

"ಹೌದಮ್ಮ. ಇದು ತಪ್ಪು ಅಂತ ಬರೆದಿದ್ದರು. ಇವರು ಪುನಃ ಮಾಡಿ ನೋಡಿ, ತಪ್ಪು ನನ್ನದೇ ಅಂತ ಇಡೀ ಲೋಕಕ್ಕೆ ಬರೆದರು."



"ಸಣ್ಣವನಿರುವಾಗಲೂ ಹಾಗೆಯೇ," ಎಂದರು ಆಕೆ. "ಮಡಕೆ ಒಡೆದರೆ ಬೈಸಿಕೊಳ್ಳಲಿಕ್ಕೆ ಅವನೇ ಬಂದು ನಿಲ್ಲುತ್ತಿದ್ದ."

ಅಂದಿನವರೆಗೂ ಅಳದಿದ್ದ ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.